ದಫ್ತರ ಸೇರದ ಹೆಣಗಳು

ಒಡೆಯರ ಮನೆಯಲ್ಲಿ ಸಾವಾದರೆ ನೆಂಟರೂರಿಗೆ ಸುದ್ದಿ ಮುಟ್ಟಿಸಲು ರಾತ್ರೋರಾತ್ರಿ ನಡೆದವರು ನಮ್ಮ ಅಜ್ಜಂದಿರು. ಗುಂಡಿ ತೋಡಿದವರು ಅವರೇ, ಹೆಣದ ಮುಂದೆ ತಮಟೆ ಬಡಿದವರೂ ಅವರೇ. ಊರಿನ ಅಷ್ಟೂ ಸಾವುಗಳ ಲೆಕ್ಕ ಅವರ ಕಾಲಿಗೆ, ಕೈಗೆ ಗೊತ್ತಿತ್ತು. ಆದರೆ ಅವರೇ ಸತ್ತದ್ದು ಯಾವಾಗ ಅಂತ ಕೇಳಿ ನೋಡಿ. 'ಆ ದೊಡ್ಡ ಬರ ಬಂದಿತ್ತಲ್ಲ, ಅದರ ಮುಂದಿನ ವರ್ಷ' ಅನ್ನುತ್ತಾರೆ ಮನೆಯವರು. ತಾರೀಕಿಲ್ಲ, ಕಲ್ಲಿಲ್ಲ, ದಫ್ತರದಲ್ಲಿ ಒಂದು ಸಾಲಿಲ್ಲ. ಪೇಪರಿನಲ್ಲಿ 'ನಿಧನ' ಅಂತ ಬರೋದಂತೂ ದೂರದ ಮಾತು.

ಸತ್ತವರ ದಾಖಲೆ ಹುಡುಕೋದು ಅಂದರೆ ಕಾಗದ ಹುಡುಕೋದು ಅಂತ ಓದಿದ ಜನ ತಿಳಿದಿದ್ದಾರೆ. ಯಾರ ಸಾವಿಗೆ ಕಾಗದ ಹುಟ್ಟುತ್ತದೆ, ಯಾರ ಸಾವಿಗೆ ಹುಟ್ಟುವುದಿಲ್ಲ ಎಂಬುದೇ ಒಂದು ಚರಿತ್ರೆ ಎಂದು ನಾವು ಹೇಳುತ್ತೇವೆ. ಈ ಚರಿತ್ರೆ ನಮ್ಮದೊಂದೇ ಅಲ್ಲ, ಅಮೆರಿಕದ ಕಪ್ಪು ಜನರದೂ ಹೌದು. 1946ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಕಪ್ಪು ಜನರ ಚಿಂತಕ ಡು ಬೋಯ್ಸ್ ಅವರಿಗೆ ಕಾಗದ ಬರೆದರು. ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕಳಿಸಿ ಎಂದು ಕೇಳಿದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಬ್ಲ್ಯಾಕ್ ಪ್ಯಾಂಥರ್ ಹೆಸರಿನಿಂದಲೇ ದಲಿತ ಪ್ಯಾಂಥರ್ಸ್ ಕಟ್ಟಿದರು. ಅದೇ ನಂಟು ಹಿಡಿದು ಅಲ್ಲಿನ ಒಂದು ಹಳ್ಳಿಗಾಡಿಗೆ ಹೋಗಿ ಬರೋಣ.

ಅರ್ಕಾನ್ಸಾಸ್ ರಾಜ್ಯ. ಮಿಸಿಸಿಪ್ಪಿ ನದಿಯ ದಡದಲ್ಲಿ ಫಿಲಿಪ್ಸ್ ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ, ಅದರ ಕೇಂದ್ರ ಹೆಲೆನಾ ಪಟ್ಟಣ. ಹತ್ತಿ ಬೆಳೆಯುವ ಕಪ್ಪು ಮಣ್ಣು, ಬೆಳೆಯುವವರೂ ಕಪ್ಪು ಜನ, ನೆಲ ಮಾತ್ರ ಬಿಳಿಯ ಧಣಿಗಳದು. ಅಲ್ಲಿನ ಕೌಂಟಿ ಕಚೇರಿಯಲ್ಲಿ ಜಮೀನಿನ ಪತ್ರ ಇದೆ, ಉಯಿಲು ಇದೆ, ಮದುವೆಯ ದಾಖಲೆ ಇದೆ. ನೆಲವೇ ಇಲ್ಲದವನಿಗೆ ಪತ್ರ ಎಲ್ಲಿಂದ ಬರಬೇಕು? ಸಾಲ ಬಿಟ್ಟು ಬೇರೇನೂ ಬಿಡದವನು ಉಯಿಲು ಏನಂತ ಬರೆಯಬೇಕು?

ಸಾವಿನ ನೋಂದಣಿ ಇಡೀ ರಾಜ್ಯಕ್ಕೆ ಕಡ್ಡಾಯವಾಗಿ ಶುರುವಾದದ್ದು 1914ರ ಫೆಬ್ರವರಿ 1ರಂದು. ಆ ಫಾರಮ್ಮಿನಲ್ಲಿ ಹೆಸರು, ಬಣ್ಣ, ವಯಸ್ಸು, ಕಸುಬು, ತಂದೆ ತಾಯಿ, ಸಾವಿನ ಕಾರಣ, ಹೂಳಿದ ಜಾಗ ಎಲ್ಲಕ್ಕೂ ಕಾಲಂ ಇತ್ತು. ಕಾನೂನೇನೋ ಅಚ್ಚುಕಟ್ಟಾಗಿಯೇ ಇತ್ತು. ಐದು ವರ್ಷ ಕಳೆದ ಮೇಲೆ ಏನಾಯಿತು ನೋಡಿ.

ಪಾಲಿಗೆ ಗೇಯುವ ರೈತ ವರ್ಷವಿಡೀ ಧಣಿಯ ಅಂಗಡಿಯಲ್ಲಿ ಸಾಲಕ್ಕೆ ಸಾಮಾನು ತರಬೇಕು. ಹತ್ತಿ ಮಾರಿದ ಮೇಲೆ ಲೆಕ್ಕ ಬರೆಯುವವನೂ ಧಣಿಯೇ, ತೀರಿತು ತೀರಲಿಲ್ಲ ಅನ್ನುವವನೂ ಧಣಿಯೇ. ಜೀತದ ಲೆಕ್ಕ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1919ರಲ್ಲಿ ಆ ಜನ ಸಂಘ ಕಟ್ಟಿದರು. ವಕೀಲನನ್ನು ಹಿಡಿದು 'ಲೆಕ್ಕ ತೋರಿಸಿ' ಅಂತ ಕೇಳಲು ಹೊರಟರು. ಅವರ ಅಪರಾಧ ಇಷ್ಟೇ.

ಸೆಪ್ಟೆಂಬರ್ 30ರ ರಾತ್ರಿ ಎಲೇನ್ ಎಂಬ ಊರಿನ ಹತ್ತಿರ, ಹೂಪ್ ಸ್ಪರ್‌ನ ಚರ್ಚಿನಲ್ಲಿ ಸಭೆ ಸೇರಿತ್ತು. ಹೆಂಗಸರು ಮಕ್ಕಳೂ ಇದ್ದರು. ಹೊರಗೆ ಒಂದು ಕಾರು ಬಂದು ನಿಂತಿತು, ಗುಂಡು ಹಾರಿತು, ಬಿಳಿಯನೊಬ್ಬ ಸತ್ತ. ಬೆಳಗಾಗುವುದರೊಳಗೆ 'ಕರಿಯರು ದಂಗೆ ಎದ್ದಿದ್ದಾರೆ' ಅಂತ ಪುಕಾರು ಎದ್ದಿತು. ಸುತ್ತಲ ಕೌಂಟಿಗಳಿಂದ, ನದಿಯಾಚೆಯಿಂದ ಬಂದೂಕು ಹಿಡಿದ ಬಿಳಿಯರು ನುಗ್ಗಿದರು. ಅವರ ಹಿಂದೆ ಕ್ಯಾಂಪ್ ಪೈಕ್‌ನಿಂದ 500ಕ್ಕೂ ಹೆಚ್ಚು ಸೈನಿಕರು ಬಂದರು, ಜೊತೆಗೆ ರಾಜ್ಯಪಾಲ ಬ್ರೋ ಕೂಡ ಬಂದ. ಜೊಂಡಿನ ಪೊದೆಗಳಲ್ಲಿ ಅಡಗಿದವರನ್ನು ಹುಡುಕಿ ಹುಡುಕಿ ಕೊಂದರು.

ಸತ್ತ ಬಿಳಿಯರು 5 ಜನ. ಈ ಲೆಕ್ಕದಲ್ಲಿ ಯಾರಿಗೂ ತಕರಾರಿಲ್ಲ. ಸತ್ತ ಕಪ್ಪು ಜನ ಎಷ್ಟು? ಅಧಿಕಾರಿಗಳ ಕಡೆಯ ಲೆಕ್ಕ 25ರ ಆಸುಪಾಸು. 1925ರಲ್ಲಿ ಡನವೇ ಎಂಬ ಬಿಳಿಯ ಬರಹಗಾರ 856 ಎಂದು ಬರೆದ. ನಮ್ಮ ಕಾಲದಲ್ಲಿ ಗುಂಪುಕೊಲೆಗಳನ್ನೆಲ್ಲ ಲೆಕ್ಕ ಹಾಕಿದ ಈಕ್ವಲ್ ಜಸ್ಟಿಸ್ ಇನಿಷಿಯೇಟಿವ್ ಸಂಸ್ಥೆ ಈ ಹತ್ಯಾಕಾಂಡದಲ್ಲಿ 237 ಎಂದಿದೆ. ಗೆಳೆಯರೇ, 25ಕ್ಕೂ 856ಕ್ಕೂ ಇರುವ ಅಂತರ ಬರೀ ಲೆಕ್ಕದ ತಪ್ಪಲ್ಲ. ಕಾನೂನು ಇದ್ದ ನಾಡಿನಲ್ಲಿ, ಫಾರಂ ಅಚ್ಚಾಗಿದ್ದ ಕಾಲದಲ್ಲಿ, ಇಷ್ಟು ಜನ ಸತ್ತರು ಅಂತ ಖಚಿತವಾಗಿ ಹೇಳಲು ಬಾರದ ಹಾಗೆ ಆಯಿತು. ಗುಂಡು ಹೊಡೆದವನೇ ಊರಿನ ಕಾನೂನಾದರೆ ಸಾವಿನ ಕಾರಣದ ಕಾಲಮ್ಮಿನಲ್ಲಿ ಯಾರು ಏನಂತ ಬರೆದಾರು?

ಪತ್ರಿಕೆಗಳ ಕಥೆಯೂ ಇದೇ. ದಕ್ಷಿಣದ ಬಿಳಿಯರ ಪತ್ರಿಕೆಗಳಲ್ಲಿ ಕಪ್ಪು ಮನುಷ್ಯನ ನಿಧನ ವಾರ್ತೆ ಬಲು ಅಪರೂಪ. ಬಂದರೂ ಬೇರೆ ಕಾಲಂ, ಊರಾಚೆಯ ಕೇರಿಯ ಹಾಗೆ. ಚಿಕಾಗೋದ ಕಪ್ಪು ಜನರ ಪತ್ರಿಕೆ 'ಡಿಫೆಂಡರ್', ಡು ಬೋಯ್ಸ್ ಸಂಪಾದಿಸುತ್ತಿದ್ದ 'ಕ್ರೈಸಿಸ್' ಇವು ನಿಜ ಬರೆದಾಗ ರಾಜ್ಯಪಾಲ ಬ್ರೋ ಇವನ್ನು ಅಂಚೆಯಲ್ಲೇ ತಡೆಯಿರಿ ಎಂದು ಕೇಳಿದ.

ಹಾಗಾದರೆ ಹೆಸರು ಉಳಿದದ್ದು ಯಾರದು? ಜಾನ್‌ಸ್ಟನ್ ಎಂಬ ನಾಲ್ವರು ಅಣ್ಣತಮ್ಮಂದಿರು ಆ ದಿನಗಳಲ್ಲಿ ಬೇಟೆ ಮುಗಿಸಿ ಬರುತ್ತಿದ್ದಾಗ ಹಿಡಿದು ಕೊಂದರು. ಒಬ್ಬ ಹೆಲೆನಾದ ಹಲ್ಲಿನ ಡಾಕ್ಟರು, ಇನ್ನೊಬ್ಬ ಒಕ್ಲಹೋಮಾದಿಂದ ಬಂದ ಡಾಕ್ಟರು. ಓದು, ಆಸ್ತಿ ಇದ್ದ ಮನೆ. ಅವರ ಹೆಸರು ಉಳಿಯಿತು, ಹತ್ತಿ ಬಿಡಿಸುತ್ತಿದ್ದವನದು ಅಳಿಯಿತು. ಸತ್ತವರ ನಡುವೆಯೂ ಅಕ್ಷರ ಬಲ್ಲವನು, ಬಲ್ಲದವನು ಅಂತ ಎರಡು ಸಾಲು. ಈ ಮಾತು ನಮ್ಮ ಎದೆಗೂ ಚುಚ್ಚಬೇಕು. ನಮ್ಮ ಪತ್ರಿಕೆಗಳೂ ಮುಖಂಡರ ನಿಧನ ಬರೆಯುತ್ತವೆ. ಮೆರವಣಿಗೆಯಲ್ಲಿ ಬುತ್ತಿ ಕಟ್ಟಿಕೊಂಡು ಬಂದ ಮುದುಕಿಯ ಸಾವನ್ನು ಎಷ್ಟು ಸಲ ಬರೆದಿದ್ದೇವೆ?

ಇನ್ನೂ 12 ಹೆಸರು ಉಳಿದವು, ಅದೂ ಕೊಲ್ಲಬೇಕು ಅಂತ ಸರ್ಕಾರವೇ ಬರೆದುಕೊಂಡದ್ದರಿಂದ. ಬಿಳಿಯರನ್ನು ಕೊಂದರು ಅಂತ ಹನ್ನೆರಡು ಜನರಿಗೆ ಮರಣದಂಡನೆ ಆಯಿತು. ಕಪ್ಪು ಜನರನ್ನು ಕೊಂದ ಒಬ್ಬ ಬಿಳಿಯನಿಗೂ ಶಿಕ್ಷೆ ಆಗಲಿಲ್ಲ. ವಿಚಾರಣೆ ಮುಕ್ಕಾಲು ಗಂಟೆ, ಜ್ಯೂರಿಯ ತೀರ್ಮಾನ ಐದು ನಿಮಿಷದೊಳಗೆ. ಇದನ್ನು ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪೇ ದಾಖಲಿಸಿತು.

ಆಗ ಬಂದಳು ಇಡಾ ಬಿ. ವೆಲ್ಸ್. ಗುಂಪುಕೊಲೆಗಳ ವಿರುದ್ಧ ಬರೆದಳೆಂದು 1892ರಲ್ಲಿ ಮೆಂಫಿಸ್‌ನಲ್ಲಿ ಅವಳ ಪತ್ರಿಕೆಯ ಕಚೇರಿ ಪುಡಿ ಮಾಡಿದ್ದರು. ದಕ್ಷಿಣಕ್ಕೆ ಕಾಲಿಟ್ಟರೆ ಜೀವಕ್ಕೆ ಕುತ್ತು. ಆದರೂ ಕೈದಿಯೊಬ್ಬ ಬರೆದ ಕಾಗದ ಹಿಡಿದು ಹೊರಟಳು. ಆ ಹನ್ನೆರಡು ಜನರ ಹೆಂಡಿರು, ತಾಯಂದಿರ ಜೊತೆ ನೆಂಟಳ ಹಾಗೆ ಸೇರಿಕೊಂಡು ಲಿಟಲ್ ರಾಕ್‌ನ ಜೈಲಿನ ಒಳಗೆ ಹೋದಳು. ಅವರು ಹೇಳಿದ್ದನ್ನೆಲ್ಲ ಬರೆದುಕೊಂಡಳು. ಯಾರು ಎಷ್ಟು ಎಕರೆ ಹತ್ತಿ ಹಾಕಿದ್ದ, ಯಾರ ಮನೆಯಿಂದ ಏನೇನು ಲೂಟಿಯಾಯಿತು, ಎಲ್ಲವನ್ನೂ ಲೆಕ್ಕ ಹಾಕಿ 1920ರಲ್ಲಿ ಪುಸ್ತಿಕೆ ಅಚ್ಚು ಹಾಕಿಸಿದಳು. 'ಲೆಕ್ಕ ತೋರಿಸಿ' ಎಂದು ಸಂಘ ಕೇಳಿತ್ತಲ್ಲ, ಆ ಲೆಕ್ಕವನ್ನು ಕಡೆಗೆ ತೋರಿಸಿದವಳು ಇವಳು.

ಗುಲಾಮ ತಾಯಿಯ ಮಗ, ವಕೀಲ ಸಿಪಿಯೋ ಜೋನ್ಸ್ ಕೇಸು ನಡೆಸಿದ. 1923ರಲ್ಲಿ ಸುಪ್ರೀಂ ಕೋರ್ಟು, ಗುಂಪಿನ ಬೆದರಿಕೆಯ ನೆರಳಲ್ಲಿ ನಡೆದ ವಿಚಾರಣೆ ವಿಚಾರಣೆಯೇ ಅಲ್ಲ ಎಂಬ ತತ್ವ ಎತ್ತಿಹಿಡಿಯಿತು. 1925ರ ಜನವರಿ ಹೊತ್ತಿಗೆ ಹನ್ನೆರಡೂ ಜನ ಹೊರಗೆ ಬಂದಿದ್ದರು. ಫ್ರಾಂಕ್ ಮೂರ್, ಎಡ್ ಹಿಕ್ಸ್, ಫ್ರಾಂಕ್ ಹಿಕ್ಸ್, ಜೋ ನಾಕ್ಸ್, ಪಾಲ್ ಹಾಲ್, ಎಡ್ ಕೋಲ್‌ಮನ್, ಎಡ್ ವೇರ್, ಆಲ್ಬರ್ಟ್ ಗೈಲ್ಸ್, ಜೋ ಫಾಕ್ಸ್, ಜಾನ್ ಮಾರ್ಟಿನ್, ಆಲ್ಫ್ ಬ್ಯಾಂಕ್ಸ್, ವಿಲಿಯಂ ವರ್ಡ್‌ಲೋ. ಕನ್ನಡದ ಬಾಯಲ್ಲೂ ಈ ಹೆಸರುಗಳು ಒಂದು ಸಲ ಹೊರಳಲಿ.

ನೂರು ವರ್ಷದ ಮೇಲೆ, 2019ರ ಸೆಪ್ಟೆಂಬರಿನಲ್ಲಿ ಹೆಲೆನಾದಲ್ಲಿ ಸತ್ತವರ ಸ್ಮಾರಕ ಎದ್ದಿತು. ಅದೇ ವರ್ಷ ಎಲೇನ್‌ನಲ್ಲಿ ಅವರ ನೆನಪಿಗೆ ನೆಟ್ಟಿದ್ದ ಗಿಡವನ್ನು ಯಾರೋ ಆಗಸ್ಟಿನಲ್ಲೇ ಕಡಿದು ಹಾಕಿದ್ದರು. ಹೆಣಕ್ಕೆ ಹೆದರದವರು ನೆನಪಿಗೆ ಹೆದರುತ್ತಾರೆ.

ಇದನ್ನು ಓದುವಾಗ ಕೂಲಿ ಕೇಳಿದ್ದಕ್ಕೆ 1968ರಲ್ಲಿ ಗುಡಿಸಲೊಳಗೆ ಸುಟ್ಟುಹೋದ ಕೀಳ್ವೆಣ್ಮಣಿಯ 44 ಜನ, 2000ದಲ್ಲಿ ಕಂಬಾಲಪಲ್ಲಿಯಲ್ಲಿ ಬೆಂದ 7 ಜನ ನಮ್ಮ ಕಣ್ಣ ಮುಂದೆ ಬರುತ್ತಾರೆ. ಅವರ ಸಂಖ್ಯೆ ನಮಗೆ ಬಾಯಿಪಾಠ. ಹೆಸರು?

ನಮ್ಮಲ್ಲೂ 1969ರ ಕಾನೂನು ಇದೆ. ಸಾವನ್ನು 21 ದಿನದೊಳಗೆ ಬರೆಸಬೇಕು, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ದಿನದ ಕೂಲಿ ಬಿಟ್ಟು ಕಚೇರಿ ಅಲೆಯೋರು ಯಾರು? ಕಾಗದ ಇಲ್ಲದಿದ್ದರೆ ವಿಧವೆಗೆ ಪಿಂಚಣಿ ಇಲ್ಲ, ಮಕ್ಕಳ ಹೆಸರಿಗೆ ಖಾತೆ ಇಲ್ಲ. ಸತ್ತವನು ಸತ್ತ ಅಂತ ಸಾಬೀತು ಮಾಡೋದೂ ಬದುಕಿದವರ ತಲೆ ಮೇಲೆ.

ಹಳ್ಳಿ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ನಮ್ಮ ಮನೆಗಳಲ್ಲಿ ಮೊದಲು ಪೆನ್ನು ಹಿಡಿದವರು ನಾವು. ದಫ್ತರ ಬರೆಯದ್ದನ್ನು ಬರೆಯುವ ಸರದಿ ನಮ್ಮದು. ಒಂದು ನೋಟುಬುಕ್ಕು ತಗೊಂಡು ಕೇರಿಯ ಮುದುಕಿಯರ ಹತ್ತಿರ ಕೂತುಕೊಳ್ಳಿ. ಹೆಣದ ಮುಂದೆ ಹಾಡಿಕೊಂಡು ಅಳುವಾಗ ಅವರು ಸತ್ತವನ ಇಡೀ ಬಾಳನ್ನೇ ಹೇಳುತ್ತಾರೆ. ಯಾರ ಹೊಲ ಉತ್ತ, ಯಾವ ಸಾಲಕ್ಕೆ ಬಿದ್ದ, ಯಾರಿಗೆ ಎದುರು ಮಾತಾಡಿದ, ಎಲ್ಲವೂ ಆ ಅಳುವಿನಲ್ಲಿದೆ. ನಮ್ಮ ನಿಧನ ವಾರ್ತೆ ಅದೇ. ಹೆಸರು, ಕೆಲಸ, ಸತ್ತ ಕಾಲ, ಕಾರಣ, ಹೂಳಿದ ಜಾಗ ಇಷ್ಟನ್ನು ಬರೆದಿಡಿ. ತಾರೀಕು ಗೊತ್ತಿಲ್ಲದಿದ್ದರೆ 'ದೊಡ್ಡ ಬರದ ಮುಂದಿನ ವರ್ಷ' ಅಂತಲೇ ಬರೆಯಿರಿ. ಆ ಮುದುಕಿಯರು ಹೋಗುವುದರೊಳಗೆ ಬರೆಯಿರಿ.