ಲೇತ್ ನಿಲ್ಲಿಸುವ ವಿದ್ಯೆ: ಹುಬ್ಬಳ್ಳಿ–ಧಾರವಾಡದ ಒಂದು ಕಸುಬಿನ ಇತಿಹಾಸ

1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆಯು ಅದೇ ದಶಕದಲ್ಲಿ ಹುಬ್ಬಳ್ಳಿಯಲ್ಲಿ ಕಾರ್ಯಾಗಾರ ತೆರೆದಂದಿನಿಂದ, ಲೋಹದ ತುಂಡನ್ನು ತಿರುಗಿಸುತ್ತ ಹೆರೆದು ಆಕಾರ ಕೊಡುವ ಲೇತ್ ಯಂತ್ರವು ಈ ಅವಳಿ ನಗರದ ದುಡಿಮೆಯಲ್ಲಿ ಬೇರೂರಿತು. ಅದರ ಚರಿತ್ರೆಯನ್ನು ಸಾಮಾನ್ಯವಾಗಿ ವೇಗ ಮತ್ತು ನಿಖರತೆಗಳ ಏರಿಕೆಯಾಗಿ ಹೇಳಲಾಗುತ್ತದೆ. ಲೇತ್ ನಡೆಸುವ ಟರ್ನರನ ಕೈಬೆರಳುಗಳ ದೃಷ್ಟಿಯಿಂದ ನೋಡಿದರೆ, ಲೋಹದ ತುಂಡನ್ನು ಹಿಡಿದು ತಿರುಗುವ ಚಕ್ಕು ಎಷ್ಟು ಖಾತ್ರಿಯಾಗಿ ನಿಲ್ಲುತ್ತದೆ ಎಂಬುದೇ ಹೆಚ್ಚು ಮಹತ್ವದ ಸಂಗತಿ.

ಉಗಿಯಂತ್ರದ ಕಾಲದ ಕಾರ್ಯಾಗಾರಗಳಲ್ಲಿ ಲೇತಿಗೆ ಸ್ವಂತ ಮೋಟಾರು ಇರುತ್ತಿರಲಿಲ್ಲ. ಛಾವಣಿಯ ಕೆಳಗೆ ಉದ್ದಕ್ಕೂ ಹಾಯ್ದ ಒಂದೇ ಶಾಫ್ಟಿನಿಂದ ಇಳಿದ ಚರ್ಮದ ಪಟ್ಟಾಗಳು ಸಾಲು ಸಾಲು ಯಂತ್ರಗಳನ್ನು ನಡೆಸುತ್ತಿದ್ದವು. ಪಟ್ಟಾವನ್ನು ಬಿಗಿ ಗಾಲಿಯಿಂದ ಸಡಿಲ ಗಾಲಿಗೆ ಸರಿಸಿದಾಗ ಶಕ್ತಿ ಕಡಿದುಹೋಗುತ್ತಿತ್ತಾದರೂ, ಭಾರವಾದ ಚಕ್ಕು ತನ್ನ ಓಟ ಮುಗಿಯುವವರೆಗೂ ತಿರುಗುತ್ತಲೇ ಇರುತ್ತಿತ್ತು.

ಪ್ರತಿ ಯಂತ್ರಕ್ಕೂ ಪ್ರತ್ಯೇಕ ಮೋಟಾರು ಕೂಡಿಸುವ ಪದ್ಧತಿಯು ಈ ಭಾಗದಲ್ಲಿ ಹರಡಿದ್ದರಲ್ಲಿ ಕಿರ್ಲೋಸ್ಕರ್ ಸಂಸ್ಥೆಗಳ ಪಾತ್ರ ದೊಡ್ಡದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ಯಮ ಪರಂಪರೆಯಿಂದಲೇ 1941ರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಬಂತು. ಅದರ ‘ಎಂಟರ್‌ಪ್ರೈಸ್’, ‘ಟರ್ನ್‌ಮಾಸ್ಟರ್’ ಲೇತುಗಳು ಹೆಸರುವಾಸಿಯಾದವು. 1946ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ, ಮೋಟಾರು ತಯಾರಿಸುವ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಮುಂದೆ ಹುಬ್ಬಳ್ಳಿಯ ಗೋಕುಲ ರಸ್ತೆಗೂ ಬಂದಿತು.

ಸ್ವಂತ ಮೋಟಾರು ಬಂದ ಮೇಲೆ ಅದಕ್ಕೆ ಸ್ವಂತ ಬ್ರೇಕು ಕೊಡುವುದೂ ಸಾಧ್ಯವಾಯಿತು. ಬ್ರೇಕ್ ಮೋಟಾರಿನ ಹಿಂಬದಿಯಲ್ಲಿ ಸ್ಪ್ರಿಂಗಿನ ಒತ್ತಡದಿಂದ ಹಿಡಿದುಕೊಳ್ಳುವ ಒಂದು ತಟ್ಟೆ ಇರುತ್ತದೆ. ವಿದ್ಯುತ್ ಹರಿದಾಗ ವಿದ್ಯುತ್ಕಾಂತದ ಕಾಯಿಲು ಆ ಒತ್ತಡವನ್ನು ಮೀರಿ ಎಳೆದು ಹಿಡಿತ ಬಿಡಿಸುತ್ತದೆ, ವಿದ್ಯುತ್ ಹೋದ ಕ್ಷಣ ಸ್ಪ್ರಿಂಗು ತಾನಾಗಿಯೇ ಶಾಫ್ಟನ್ನು ಹಿಡಿಯುತ್ತದೆ. ಶಕ್ತಿ ಇಲ್ಲದಾಗಲೇ ಕಾಪಾಡುವ ಈ ವ್ಯವಸ್ಥೆ ಯಂತ್ರಶಿಲ್ಪದ ಅತ್ಯಂತ ವಿವೇಕದ ಕಲ್ಪನೆಗಳಲ್ಲೊಂದು. ಅನೇಕ ಮೋಟಾರುಗಳಲ್ಲಿ ಕಾಯಿಲಿನ ತಂತಿಯನ್ನು ಮೋಟಾರಿನ ಟರ್ಮಿನಲ್ಲಿಗೇ ಜೋಡಿಸಲಾಗುತ್ತಿತ್ತು. ವೋಲ್ಟೇಜು ಸದಾ ಒಂದೇ ಸಮ ಎಂಬ ನಂಬಿಕೆ ಅದರ ಹಿಂದಿತ್ತು.

ಆ ನಂಬಿಕೆಯನ್ನು ವಿ.ಎಫ್.ಡಿ. (ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್) ಮುರಿಯಿತು. ವಿದ್ಯುತ್ತಿನ ಆವರ್ತನವನ್ನೇ ಬದಲಿಸಿ ಮೋಟಾರಿನ ವೇಗವನ್ನು ಏರಿಳಿಸುವ ಈ ಡ್ರೈವು, ಆವರ್ತನ ಇಳಿದಂತೆ ವೋಲ್ಟೇಜನ್ನೂ ಇಳಿಸುತ್ತದೆ. 50 ಹರ್ಟ್ಸಿನಲ್ಲಿ 415 ವೋಲ್ಟ್ ಪಡೆಯುವ ಮೋಟಾರಿಗೆ 10 ಹರ್ಟ್ಸಿನಲ್ಲಿ ಸಿಗುವುದು ಸುಮಾರು 83 ವೋಲ್ಟ್ ಮಾತ್ರ. ಅಷ್ಟರಲ್ಲಿ ಕಾಯಿಲು ಬ್ರೇಕನ್ನು ಬಿಡಿಸಲಾರದು. ಮೋಟಾರು ಹಿಡಿದ ಬ್ರೇಕಿನ ವಿರುದ್ಧ ತಿಣುಕುತ್ತ ಬಿಸಿಯೇರುತ್ತದೆ, ಡ್ರೈವು ಹೊರಡಿಸುವ ತುಂಡು ತುಂಡಾದ ವೋಲ್ಟೇಜು ಕಾಯಿಲಿಗೆ ಏಕಮುಖ ವಿದ್ಯುತ್ ಕೊಡುವ ರೆಕ್ಟಿಫೈಯರನ್ನೂ ಕೆಡಿಸಬಲ್ಲದು. ಆದ್ದರಿಂದ ಹಳೆಯ ಲೇತಿಗೆ ಡ್ರೈವು ಕೂಡಿಸುವಾಗ ಕಾಯಿಲಿನ ತಂತಿಯನ್ನು ಟರ್ಮಿನಲ್ ಪೆಟ್ಟಿಗೆಯಿಂದ ಬಿಡಿಸಿ, ಅದಕ್ಕೆ ಡ್ರೈವಿನ ಮುಂಚೆಯೇ ನೇರ ಸರಬರಾಜು ಕೊಟ್ಟು, ಡ್ರೈವಿನ ರಿಲೇಯ ಅಪ್ಪಣೆಯಂತೆ ಕಾಂಟ್ಯಾಕ್ಟರ್ ಎಂಬ ಸ್ವಿಚ್ಚು ಆ ಸರಬರಾಜನ್ನು ಜೋಡಿಸಿ ಕಡಿಯುವಂತೆ ಮಾಡಬೇಕಾಗುತ್ತದೆ.

ದಿನನಿತ್ಯದ ನಿಲುಗಡೆಯನ್ನು ಡ್ರೈವೇ ನಿಧಾನವಾಗಿ ನಡೆಸಬೇಕು. ತಿರುಗುವ ಭಾರದ ಶಕ್ತಿಯನ್ನು ಒಂದು ರೆಸಿಸ್ಟರು ಶಾಖವಾಗಿ ಹೊರಹಾಕುತ್ತದೆ, ವೇಗ ಶೂನ್ಯಕ್ಕೆ ಸಮೀಪಿಸಿದ ಮೇಲೆ ಬ್ರೇಕು ಹಿಡಿಯುತ್ತದೆ. ಚಕ್ಕನ್ನು ಸ್ಪಿಂಡಲಿಗೆ, ಅಂದರೆ ತಿರುಗುವ ದಂಡಕ್ಕೆ, ಥ್ರೆಡ್ಡಿನಿಂದ ತಿರುಗಿಸಿ ಬಿಗಿದಿರುವ ಹಳೆಯ ಲೇತುಗಳಲ್ಲಿ ಈ ಎಚ್ಚರ ಇನ್ನೂ ಮುಖ್ಯ, ಏಕೆಂದರೆ ಥಟ್ಟನೆ ನಿಲ್ಲಿಸಿದರೆ ಸ್ಪಿಂಡಲು ನಿಂತರೂ ಚಕ್ಕು ತನ್ನ ಓಟದಲ್ಲೇ ಬಿಚ್ಚಿಕೊಂಡು ಕಳಚಿ ಬೀಳಬಹುದು. ಆದರೂ ಡ್ರೈವು ಬಂದಿದೆಯೆಂದು ಹಳೆಯ ಬ್ರೇಕನ್ನು ಕಿತ್ತುಹಾಕುವುದು ತಪ್ಪು: ವಿದ್ಯುತ್ ಹಠಾತ್ತನೆ ಹೋದಾಗ ಡ್ರೈವಿನ ಹಿಡಿತವೂ ಹೋಗಬಹುದು, ಸ್ಪ್ರಿಂಗಿನದು ಹೋಗುವುದಿಲ್ಲ. ಸರಬರಾಜು ಕಡಿದ ಮೇಲೂ ಡ್ರೈವಿನ ಕೆಪಾಸಿಟರುಗಳಲ್ಲಿ ಕೆಲವು ನಿಮಿಷ ಪ್ರಾಣಾಪಾಯಕರ ವೋಲ್ಟೇಜು ಉಳಿದಿರುತ್ತದೆ. ತಯಾರಕರು ಸೂಚಿಸಿದಷ್ಟು ಹೊತ್ತು ಕಾಯದೆ ಯಾರೂ ಅದರ ಮುಚ್ಚಳ ತೆರೆಯಬಾರದು.