ಬೋಕಿಗುಡ್ಡದ ಸಾಕ್ಷ್ಯ: ಪ್ರಾಚೀನ ರೋಮಿನಲ್ಲಿ ಮಡಕೆಗಳ ಮರುಬಳಕೆ

ರೋಮ್ ನಗರದ ದಕ್ಷಿಣ ಭಾಗದಲ್ಲಿ, ಟೈಬರ್ ನದಿಯ ಹಳೆಯ ಸರಕುಕಟ್ಟೆಯ ಸಮೀಪ, ಸುಮಾರು 35 ಮೀಟರ್ ಎತ್ತರದ ಗುಡ್ಡವೊಂದಿದೆ. ಹೆಸರು ಮಾಂಟೆ ಟೆಸ್ಟಾಚೊ. ನಮ್ಮ ಮಾತಿನಲ್ಲಿ ಬೋಕಿಗುಡ್ಡ. ಮೇಲೆ ಹುಲ್ಲು ಬೆಳೆದಿದೆ, ಒಳಗಿರುವುದೆಲ್ಲ ಆಂಫೊರಾ ಎಂಬ ಎರಡು ಹಿಡಿಯ ಜಾಡಿಗಳ ಚೂರು. ಒಂದು ಅಂದಾಜಿನಂತೆ ಅವು 5 ಕೋಟಿಗೂ ಹೆಚ್ಚು ಜಾಡಿಗಳ ಅವಶೇಷ. ಇದನ್ನು ರೋಮನ್ನರ ದುಂದುಗಾರಿಕೆಗೆ ಸಾಕ್ಷಿಯಾಗಿ ತೋರಿಸುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ.

ರೋಮನ್ನರು ಮಡಕೆಯನ್ನು ಸುಲಭವಾಗಿ ಬಿಸಾಡುವವರಾಗಿರಲಿಲ್ಲ. ರೋಮಿನ ಬಂದರು ಓಸ್ಟಿಯಾ ಬಳಿಯ ಇಸೋಲಾ ಸಾಕ್ರಾ ಸ್ಮಶಾನದಲ್ಲಿ ಬಡವರ ಸಮಾಧಿಗಳಿಗೆ ಹಳೆಯ ಆಂಫೊರಾಗಳೇ ಒದಗಿವೆ. ಕೆಲವುಗಳ ಕತ್ತನ್ನು ನೆಲದ ಮೇಲಕ್ಕೆ ಚಾಚಿ ನಿಲ್ಲಿಸಿದ್ದಾರೆ, ಸತ್ತವರಿಗೆ ತರ್ಪಣ ಎರೆಯುವುದಕ್ಕೆ. ಕುಟ್ಟಿ ಜರಡಿ ಹಿಡಿದ ಮಡಕೆಪುಡಿಯನ್ನು ಮೂರನೆಯ ಒಂದು ಪಾಲು ಬೆರೆಸಿದರೆ ಹೊಳೆ ಮರಳಿನ ಗಾರೆ ಉತ್ತಮಗೊಳ್ಳುತ್ತದೆ ಎಂದು ವಿಟ್ರೂವಿಯಸ್ ತನ್ನ ವಾಸ್ತುಗ್ರಂಥದಲ್ಲಿ ಹೇಳುತ್ತಾನೆ. ಸುಟ್ಟ ಮಣ್ಣಿನ ಪುಡಿ ಸುಣ್ಣದೊಡನೆ ಬೆರೆತು ನೀರಿನಲ್ಲಿಯೂ ಗಟ್ಟಿಯಾಗುತ್ತದೆ. ಕೃಷ್ಣರಾಜಸಾಗರದ ಕಟ್ಟೆಗೆ ಬಳಸಿದ ಸುರ್ಕಿ ಗಾರೆಯ ಮರ್ಮವೂ ಇದೇ.

ಹಾಗಿದ್ದರೆ ಬೋಕಿಗುಡ್ಡದ ಜಾಡಿಗಳನ್ನೇಕೆ ಬಿಟ್ಟರು? ಗುಡ್ಡದಲ್ಲಿರುವವು ಬಹುಪಾಲು ಸ್ಪೇನಿನ ಬೇಟಿಕಾ ಪ್ರಾಂತ್ಯದಿಂದ ಆಲಿವ್ ಎಣ್ಣೆ ತಂದವು. ಬರಿದಾದಾಗಲೇ ಸುಮಾರು 30 ಕಿಲೋ ತೂಕ, ಹಿಡಿಯುತ್ತಿದ್ದುದು 70 ಲೀಟರ್ ಎಣ್ಣೆ. ದ್ರಾಕ್ಷಾರಸದ ಜಾಡಿಗಳ ಒಳಮೈಗೆ ಸಾಮಾನ್ಯವಾಗಿ ರಾಳ ಬಳಿಯುತ್ತಿದ್ದರು. ಎಣ್ಣೆಯ ಜಾಡಿಗೆ ಆ ಲೇಪವಿರಲಿಲ್ಲ. ಹೀಗಾಗಿ ಎಣ್ಣೆ ಮಣ್ಣಿನೊಳಕ್ಕೇ ಇಳಿದು ಕಮಟುತ್ತಿತ್ತು. ಹಳೆಯ ಎಣ್ಣೆಗಡಿಗೆಯನ್ನು ತೊಳೆದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಿಡ್ಡು ಹಿಡಿದ ಚೂರು ಸುಣ್ಣದ ಗಾರೆಗೂ ಒಗ್ಗುವುದಿಲ್ಲ.

ಬಿಸಾಡುವುದರಲ್ಲಿಯೂ ಅವರಿಗೊಂದು ಕ್ರಮವಿತ್ತು. ಒಡೆದ ಜಾಡಿಗಳ ದೊಡ್ಡ ಭಾಗಗಳನ್ನು ಸಾಲಾಗಿ ಇಟ್ಟು, ಹೊಟ್ಟೆಯೊಳಗೆ ಚೂರು ತುಂಬಿ, ತಡೆಗೋಡೆ ಮಾಡಿದ್ದಾರೆ. ಅದರ ಹಿಂದೆ ಉಳಿದದ್ದನ್ನು ಸುರಿದು, ವಾಸನೆ ಅಡಗಿಸಲು ಸುಣ್ಣ ಎರಚಿದ್ದಾರೆ. ಮಟ್ಟ ಮೇಲೇರಿದಂತೆ ಮತ್ತೊಂದು ಸಾಲು. ಎಣ್ಣೆ ಹೊತ್ತ ಜಾಡಿಗೆ ಇಲ್ಲಿ ಎರಡನೆಯ ಕೆಲಸ ಸಿಕ್ಕಿದೆ: ಗೋಡೆಯ ಕಲ್ಲಾಗುವುದು. ಕೆಲವು ಚೂರುಗಳ ಮೇಲೆ ವರ್ತಕನ ಹೆಸರು, ತೂಕ, ಕಾನ್ಸಲ್ ಎಂಬ ಅಧಿಕಾರಿಗಳ ಹೆಸರಿನಿಂದ ಗುರುತಿಸಿದ ವರ್ಷ ಮಸಿಯಲ್ಲಿ ಬರೆದದ್ದು ಇನ್ನೂ ಉಳಿದಿದೆ. 1872ರಲ್ಲಿ ಪುರಾತತ್ವಜ್ಞ ಹೈನ್ರಿಕ್ ಡ್ರೆಸೆಲ್ ಇವನ್ನು ಓದತೊಡಗಿದ ಮೇಲೆಯೇ ಆಂಫೊರಾ ಅಧ್ಯಯನ ಒಂದು ಶಾಸ್ತ್ರವಾಯಿತು.

ಬೋಕಿಗುಡ್ಡ ದುಂದಿನ ರಾಶಿಯಲ್ಲ, ಮರುಬಳಕೆಗೆ ಬಾರದ್ದನ್ನು ಆರಿಸಿ ಹಾಕಿದ ರಾಶಿ. ನಮ್ಮ ಉತ್ಖನನಗಳಲ್ಲಿ ಮಡಕೆಚೂರುಗಳನ್ನು ಬಣ್ಣ ಮತ್ತು ಆಕಾರದಿಂದ ವಿಂಗಡಿಸುವುದು ವಾಡಿಕೆ. ಅದರೊಡನೆ, ಮರುಬಳಕೆಯ ಗುರುತುಗಳಾದ ತೇಯ್ದ ಅಂಚು, ಒಡೆದ ಮೇಲೆ ಕೊರೆದ ತೂತು, ಮೈಗೆ ಅಂಟಿದ ಗಾರೆ, ಇವನ್ನೂ ಪ್ರತಿ ಚೂರಿನ ಮುಂದೆ ದಾಖಲಿಸಬೇಕೆಂದು ಕ್ಷೇತ್ರಕಾರ್ಯದ ಗೆಳೆಯರಲ್ಲಿ ನನ್ನ ವಿನಂತಿ.