ಕೇಳಿ ಕೊಳ್ಳುವದೋ, ಬರೆದು ತರಿಸುವದೋ?

ನಮ್ಮ ಸೀಮೆಯ ಒಕ್ಕಲಿಗನು ಜಾತ್ರೆಯಲ್ಲಿ ಎತ್ತು ಕೊಳ್ಳುವ ರೀತಿಯನ್ನು ವಾಚಕರು ಕಂಡೇ ಇರುವರು. ಹಲ್ಲು ಎಣಿಸುವನು, ಸುಳಿ ನೋಡುವನು, ನಾಲ್ಕು ಹೆಜ್ಜೆ ನಡೆಯಿಸುವನು. ಸಾಧ್ಯವಾದರೆ ನೊಗಕ್ಕೆ ಹೂಡಿಯೂ ನೋಡುವನು. ಇಷ್ಟೆಲ್ಲ ಪರೀಕ್ಷಿಸುವ ಅದೇ ಮನೆಯಲ್ಲಿ ಇಂದು ಮಗನು ಮೊಬೈಲಿನಲ್ಲಿ ಚಿತ್ರವನ್ನು ನೋಡಿ ಒಂದು ಗಿಟಾರನ್ನು ತರಿಸಿಕೊಳ್ಳುತ್ತಾನೆ. ಹಿರಿಯರಿಗೆ ಇದು ಹೊಸ ಹುಚ್ಚೆಂದು ತೋರುವದು ಸಹಜ. ಆದರೆ ಕಾಣದ ವಸ್ತುವಿಗೆ ಹಣ ತೆರುವ ಪದ್ಧತಿಯು ನಮ್ಮಲ್ಲಿ ನೂರು ವರ್ಷಗಳಿಗೂ ಹಿಂದಿನದು. ಆ ಪದ್ಧತಿಯು ಯಾವ ವಾದ್ಯಕ್ಕೆ ಒಗ್ಗಿತು, ಯಾವದಕ್ಕೆ ಒಗ್ಗಲಿಲ್ಲ, ಅದಕ್ಕೆ ಕಾರಣವೇನು ಎಂಬದನ್ನು ವಿಚಾರಿಸುವದೇ ಈ ಲೇಖದ ಉದ್ದೇಶವು.

ಪೂರ್ವದಲ್ಲಿ ಈ ಪ್ರಶ್ನೆಗೆ ಆಸ್ಪದವಿರಲಿಲ್ಲ. ತತ್ತ್ವಪದ ಹಾಡುವವನ ಏಕತಾರಿಗೆ ಬೇಕಾದದ್ದು ಒಂದು ಒಣಬುರುಡೆ, ಒಂದು ಕೋಲು, ಒಂದು ತಂತಿ. ಕುಂದಗೋಳ ತಾಲೂಕಿನ ಕಳಸದ ಗೋವಿಂದಭಟ್ಟರ ಶಿಷ್ಯರಾದ ಶಿಶುನಾಳ ಶರೀಫ ಸಾಹೇಬರು (1819-1889) ಸ್ವರವರಿಯದೆ ತಂಬೂರಿ ಬಾರಿಸುವವನನ್ನು ಎಚ್ಚರಿಸಿ ಪದ ಕಟ್ಟಿದ್ದು ನಾಡಿಗೆಲ್ಲ ತಿಳಿದದ್ದೇ. ವಾದ್ಯದ ಬೆಲೆಯು ಅದರ ಸ್ವರದಲ್ಲಿದೆಯೆಂಬ ತಿಳಿವಳಿಕೆಯು ಈ ನೆಲಕ್ಕೆ ಹೊಸತಲ್ಲ.

ಮಾರ್ಪಾಡನ್ನು ತಂದವು ಎರಡು: ಅಂಚೆ ಮತ್ತು ಉಗಿಬಂಡಿ. 1877ರಲ್ಲಿ ಹಿಂದುಸ್ಥಾನದ ಅಂಚೆ ಇಲಾಖೆಯು ‘ವ್ಹಿ. ಪಿ.’ ಪದ್ಧತಿಯನ್ನು ಆರಂಭಿಸಿತು. ಕಟ್ಟನ್ನು ಕೈಗೆ ಪಡೆಯುವಾಗಲೇ ಹಣವನ್ನು ತೆರಬೇಕು. ಬಿಚ್ಚಿ ನೋಡುವದು ಆಮೇಲೆ. 1890ರ ಹೊತ್ತಿಗೆ ಸದರ್ನ ಮರಾಠಾ ರೇಲ್ವೆಯು ಹುಬ್ಬಳ್ಳಿ, ಧಾರವಾಡಗಳನ್ನು ಮಿರಜಕ್ಕೂ ಪುಣೆಗೂ ಜೋಡಿಸಿತು. ಅಂಚೆಗೆ ಭಾರವಾಗುವ ಸಾಮಾನನ್ನು ವ್ಯಾಪಾರಿಯು ರೇಲಿಗೆ ಹಾಕಿ, ಅದರ ರಸೀದಿಯನ್ನು ಮಾತ್ರ ವ್ಹಿ. ಪಿ.ಯಿಂದ ಕಳುಹುವ ರೂಢಿಯೂ ಬಂದಿತು. ಅಣ್ಣಿಗೇರಿ, ಕುಂದಗೋಳಗಳಿಗೆ ನಿಲ್ದಾಣಗಳಿದ್ದವು. ನವಲಗುಂದ, ಕಲಘಟಗಿಗಳಿಗೆ ರೇಲು ಇರಲಿಲ್ಲ, ಇಂದಿಗೂ ಇಲ್ಲ. ಅಂಥ ಊರಿನವರಿಗೆ ಅಂಚೆಯ ಮನೆಯೇ ದೂರದ ಪೇಟೆಯ ಬಾಗಿಲಾಯಿತು.

ಈ ಬಾಗಿಲಿನಿಂದ ಸುಲಭವಾಗಿ ಒಳಗೆ ಬರಬಲ್ಲ ವಾದ್ಯವೆಂದರೆ ಹಾರ್ಮೋನಿಯಂ, ಅರ್ಥಾತ್ ನಮ್ಮ ಪೇಟಿ. 1842ರಲ್ಲಿ ಪ್ಯಾರಿಸ್ ನಗರದ ಅಲೆಕ್ಸಾಂದ್ರ ದೆಬೆಯ್ನ್ ಎಂಬವನು ಇದಕ್ಕೆ ಹಕ್ಕುಪತ್ರ ಪಡೆದನು. ಕಲಕತ್ತೆಯಲ್ಲಿ 1875ರಲ್ಲಿ ಸ್ಥಾಪಿತವಾದ ದ್ವಾರ್ಕಿನ್ ಅಂಗಡಿಯವರು ಕಾಲಿನಿಂದ ತುಳಿಯುವ ಈ ವಾದ್ಯವನ್ನು ನೆಲದ ಮೇಲೆ ಕುಳಿತು ಕೈಯಿಂದ ತಿದಿಯೊತ್ತಿ ನುಡಿಸುವಂತೆ ಮಾರ್ಪಡಿಸಿದವರಲ್ಲಿ ಮುಖ್ಯರು. ನಾಟಕ ಕಂಪನಿಗಳಿಂದ ಭಜನೆಯ ಮೇಳದವರೆಗೆ ಪೇಟಿಯು ಹಬ್ಬಿತು. ಇದರ ಸ್ವರವು ಹಿತ್ತಾಳೆಯ ರೀಡುಗಳಲ್ಲಿ ಕಾರಖಾನೆಯಲ್ಲಿಯೇ ನೆಲೆಗೊಂಡಿರುತ್ತದೆ. ಎಷ್ಟು ಸಪ್ತಕ, ರೀಡಿನ ಸಾಲು ಒಂದೋ ಎರಡೋ, ಕಟ್ಟಿಗೆ ಯಾವದು ಎಂಬಿವನ್ನೆಲ್ಲ ಬೆಲೆಪಟ್ಟಿಯಲ್ಲಿ ಅಚ್ಚು ಹಾಕಬಹುದು. ಅಚ್ಚಿನಲ್ಲಿ ಹೇಳಬಹುದಾದದ್ದನ್ನು ಅಂಚೆಯಲ್ಲಿ ತರಿಸಬಹುದು. ಆದರೂ ತಿದಿಯ ಸೋರಿಕೆಯನ್ನು ಯಾವ ಬೆಲೆಪಟ್ಟಿಯೂ ಅಚ್ಚು ಹಾಕುವದಿಲ್ಲ. ತಿದಿಯನ್ನು ತುಂಬ ಗಾಳಿಯಿಂದ ಉಬ್ಬಿಸಿ, ಯಾವ ಪಟ್ಟಿಯನ್ನೂ ಒತ್ತದೆ ಕ್ಷಣಹೊತ್ತು ಬಿಟ್ಟರೆ, ಅದು ತಾನೇ ಕುಸಿಯುತ್ತ ಬಂದಲ್ಲಿ ಸೋರಿಕೆಯುಂಟೆಂದು ತಿಳಿಯತಕ್ಕದ್ದು. ಈ ಪರೀಕ್ಷೆಗೆ ಪೇಟಿಯು ಎದುರಿಗೇ ಇರಬೇಕು.

ತಂಬೂರಿಯ ಮಾತು ಬೇರೆ. ಅದಕ್ಕೆ ನಮ್ಮವರು ನೋಡುತ್ತಿದ್ದದ್ದು ಮಿರಜದ ಕಡೆಗೆ. ಅಲ್ಲಿಯ ವಾದ್ಯಕಾರರ ಪೂರ್ವಜರು ಆಯುಧಗಳನ್ನು ಮಸೆಯುವ ಶಿಕಲಗಾರರು. ಹತ್ತೊಂಬತ್ತನೆಯ ಶತಮಾನದಲ್ಲಿ ಕತ್ತಿಯ ಬೇಡಿಕೆ ತಗ್ಗಲು, ಫರೀದಸಾಹೇಬರೇ ಮೊದಲಾದವರು ತಂತಿವಾದ್ಯಗಳ ಕೆಲಸಕ್ಕೆ ಕೈಯಿಕ್ಕಿದರು. ಅವರ ವಂಶಕ್ಕೆ ‘ಸಿತಾರಮೇಕರ್’ ಎಂಬುದೇ ಅಡ್ಡಹೆಸರಾಯಿತು. ಬುರುಡೆಗಳು ಪಂಢರಪುರ, ಮಂಗಳವೇಢೆಗಳ ಕಡೆಯ ಹೊಲಗಳಿಂದ ಬರುತ್ತವೆ. ಆ ಊರಿಗೂ ನಮ್ಮ ಸೀಮೆಗೂ ಹಳೆಯ ನಂಟು. ಮಿರಜವು ಪಟವರ್ಧನ ಮನೆತನದ ಸಂಸ್ಥಾನ. ನಮ್ಮ ಕುಂದಗೋಳವು 1948ರ ವರೆಗೆ ಅದೇ ಮನೆತನದ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಮಲ್ಲಿಕಾರ್ಜುನ ಮನಸೂರರು ನೀಲಕಂಠಬುವಾ ಅವರಲ್ಲಿ ಕಲಿತದ್ದು ಮಿರಜದಲ್ಲಿ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು (1886-1952), ಶಿಷ್ಯತ್ವ ವಹಿಸಿದ ಅಬ್ದುಲ್ ಕರೀಮ್ ಖಾನ ಸಾಹೇಬರು ನೆಲೆಸಿದ್ದು ಮಿರಜದಲ್ಲಿ. 1937ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲಿಯೇ. ಖಾನಸಾಹೇಬರು ವಾದ್ಯಗಳನ್ನು ಸ್ವತಃ ದುರಸ್ತಿ ಮಾಡಬಲ್ಲವರಾಗಿದ್ದರು. ಹಾಡುವವನೂ ಮಾಡುವವನೂ ಒಂದೇ ಓಣಿಯಲ್ಲಿ ಎದುರುಬದುರು ಕುಳಿತದ್ದರಿಂದಲೇ ಮಿರಜದ ತಂಬೂರಿಗೆ ಆ ಹೆಸರು ಬಂದಿತೆಂದು ನಮಗೆ ತೋರುತ್ತದೆ.

ಇದಕ್ಕೆ ಕಾರಣವು ತಂಬೂರಿಯ ರಚನೆಯಲ್ಲಿಯೇ ಇದೆ. ತಂತಿಗಳನ್ನು ಹೊತ್ತ ಕುದುರೆಯ ಮೇಲ್ಮೈಯು ಚಪ್ಪಟೆಯಾಗಿರದೆ ಅತಿ ಸೂಕ್ಷ್ಮವಾಗಿ ಬಾಗಿರುತ್ತದೆ. ಮೀಟಿದ ತಂತಿಯು ಆ ಬಾಗಿಗೆ ತಾಗುತ್ತ ತಾಗುತ್ತ ಅನೇಕ ಉಪಸ್ವರಗಳನ್ನು ಎಬ್ಬಿಸುತ್ತದೆ. ಇದಕ್ಕೆ ಜವಾರಿ ಎನ್ನುವರು. ಕುಶಲನಾದವನು ಕುದುರೆಯನ್ನು ಕೊಂಚ ಅರದಿಂದ ತಿಕ್ಕುವನು, ತಂತಿ ಕಟ್ಟಿ ಕೇಳುವನು, ಮತ್ತೆ ಬಿಚ್ಚಿ ತಿಕ್ಕುವನು. ಬಳಿಕ ಪ್ರತಿಯೊಂದು ತಂತಿಯ ಕೆಳಗೆ ನೂಲಿನೆಳೆಯೊಂದನ್ನು ಸೇರಿಸಿ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ನಾದ ತೆರೆದುಕೊಳ್ಳುವ ಜಾಗವನ್ನು ಹುಡುಕುವನು. ಒಬ್ಬರಿಗೆ ತೆರೆದ ಜವಾರಿ ಹಿತ, ಇನ್ನೊಬ್ಬರಿಗೆ ಮುಚ್ಚಿದ್ದು ಹಿತ. ಇದನ್ನು ಬೆಲೆಪಟ್ಟಿಯಲ್ಲಿ ಯಾವ ಮಾತಿನಿಂದ ಬರೆಯಬೇಕು?

ಆದಾಗ್ಯೂ ತಂಬೂರಿಯ ಬಗ್ಗೆಯೂ ಬರೆದು ತಿಳಿಸಬಹುದಾದ ಒಂದು ಅಂಶವುಂಟು. ಅದನ್ನು ಕೊಟ್ಟದ್ದು, ವಿಚಿತ್ರವೆನ್ನಬೇಕು, ಪೇಟಿಯೇ. ಗಾಯಕರು ತಮ್ಮ ಷಡ್ಜವನ್ನು ‘ಕರಿ ಒಂದು’, ‘ಕರಿ ಎರಡು’ ಎಂದು ಪೇಟಿಯ ಪಟ್ಟಿಗಳಿಂದ ಹೆಸರಿಸುವರು. ಬುರುಡೆಯ ಗಾತ್ರ, ದಂಡಿಯ ಉದ್ದ, ತಂತಿಯ ದಪ್ಪ ಇವೆಲ್ಲ ಈ ಷಡ್ಜವನ್ನು ಅನುಸರಿಸುತ್ತವೆ. ಗಂಡು ಕಂಠಕ್ಕೆ ದೊಡ್ಡದು, ಹೆಣ್ಣು ಕಂಠಕ್ಕೆ ಚಿಕ್ಕದು. ಎರಡೇ ಶಬ್ದಗಳನ್ನು ಕಾರ್ಡಿನಲ್ಲಿ ಬರೆದು ಹಾಕಿದರೆ ವಾದ್ಯದ ಅಳತೆಯು ಮಿರಜದವನಿಗೆ ತಿಳಿಯಿತು. ಆದರೆ ಆ ಎರಡು ಶಬ್ದಗಳು ಒಯ್ಯಬಲ್ಲದ್ದು ಅಳತೆಯನ್ನು ಮಾತ್ರ. ನಾದದ ಗುಣವು ಕಾರ್ಡಿನ ಹೊರಗೇ ಉಳಿಯಿತು.

ಅಳತೆಗೂ ನಾದಕ್ಕೂ ಇರುವ ಈ ಅಂತರವು ಮುಂದೆ ಸಾರ್ವಜನಿಕ ವಾದಕ್ಕೂ ಕಾರಣವಾಯಿತು. ನಿಶ್ಚಲ ಸ್ವರಗಳ ಪೇಟಿಯು ನಮ್ಮ ಶ್ರುತಿಗಳಿಗೆ ಒಗ್ಗದೆಂದು 1940ರಲ್ಲಿ ಆಕಾಶವಾಣಿಯು ಅದನ್ನು ಬಹಿಷ್ಕರಿಸಿತು. ಆ ನಿರ್ಬಂಧವು ಸಡಿಲಾದದ್ದು 1971ರಲ್ಲಿ. 1979ರಲ್ಲಿ ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜನಾರಾಯಣರು ವಿದ್ಯುತ್ ತಂಬೂರಿಯನ್ನು ರಚಿಸಿದರು. ಒಂದೇ ಮಾದರಿಯ ಪೆಟ್ಟಿಗೆಗಳೆಲ್ಲ ಒಂದೇ ರೀತಿ ನುಡಿಯುವದರಿಂದ ಅದನ್ನು ಕಾಣದೆ ಕೊಂಡರೂ ಮೋಸವಿಲ್ಲ. ಆದರೆ ಅದರಲ್ಲಿ ಒಬ್ಬರ ಕಂಠಕ್ಕಾಗಿಯೇ ತಿಕ್ಕಿದ ಕುದುರೆಯೂ ಇಲ್ಲ.

ಗಿಟಾರು ಈ ಎರಡು ಜಾತಿಗಳ ನಡುವಿನದು. ತಂತಿಯ ಉದ್ದ, ಮರದ ಹೆಸರು, ಬೆಲೆ ಇವು ಬರಹಕ್ಕೆ ಸಿಗುತ್ತವೆ. ದಂಡಿಯು ನೆಟ್ಟಗಿದೆಯೋ ಬಾಗಿದೆಯೋ, ಹನ್ನೆರಡನೆಯ ಮೆಟ್ಟಿನ ಹತ್ತಿರ ತಂತಿಯು ಎಷ್ಟು ಮೇಲೆದ್ದಿದೆ, ಯಾವ ಮೆಟ್ಟಿನಲ್ಲಿ ಝೇಂಕರಿಸುತ್ತದೆ ಎಂಬಿವು ಕೈಗೂ ಕಿವಿಗೂ ಮಾತ್ರ ಸಿಗುತ್ತವೆ. ಮೇಲಾಗಿ ಮರವು ಹವೆಗೆ ಒಳಪಟ್ಟದ್ದು: ಮಲೆನಾಡಿನ ಅಂಚಿನ ಕಲಘಟಗಿಯ ಮಳೆಗಾಲದಲ್ಲಿ ಉಬ್ಬಿದ್ದು, ನವಲಗುಂದದ ಎರೆನಾಡಿನ ಬಿಸಿಲಿಗೆ ಕುಗ್ಗುತ್ತದೆ. ತಂತಿ ಎತ್ತರವಾದ ವಾದ್ಯವನ್ನು ಹಿಡಿದು ಬೆರಳು ನೊಂದ ಮಗುವು ವಾದ್ಯವನ್ನು ದೂರುವದಿಲ್ಲ. ತನಗೆ ಸಂಗೀತವೇ ಒಲಿಯದೆಂದು ತಿಳಿದು ಬಿಟ್ಟುಬಿಡುವದು. ಹಣದ ನಷ್ಟಕ್ಕಿಂತ ಇದು ದೊಡ್ಡ ನಷ್ಟ.

ಹಾಗೆಂದು ಹಳ್ಳಿಯವರು ದೂರದಿಂದ ತರಿಸಲೇಬಾರದೆಂದು ಹೇಳುವದು, ಅಂಗಡಿಯ ಪಕ್ಕದಲ್ಲಿಯೇ ವಾಸಿಸುವವರ ಮಾತು. ಹುಬ್ಬಳ್ಳಿಗೆ ಹೋಗಿ ಬರುವದಕ್ಕೆ ಒಂದು ದಿನದ ಕೂಲಿ ಕಳೆಯುವ ಮನೆಗಳುಂಟು. ಅಲ್ಲದೆ ವ್ಹಿ. ಪಿ.ಯ ಕಾಲಕ್ಕಿಂತ ಇಂದಿನ ಕೊಳ್ಳುವವನ ಸ್ಥಿತಿಯು ಉತ್ತಮ: ಮರಳಿಸುವ, ಹಣ ಹಿಂದಿರುಗಿಸುವ ನಿಬಂಧನೆಗಳನ್ನು ಮೊದಲೇ ತಿಳಿಸಬೇಕೆಂದು 2020ರ ಗ್ರಾಹಕ ಸಂರಕ್ಷಣೆಯ ನಿಯಮಗಳು ಅಂತರ್ಜಾಲದ ವ್ಯಾಪಾರಿಗಳಿಗೆ ವಿಧಿಸಿವೆ. ಅವನ್ನು ಓದಿಕೊಂಡು, ವಾದ್ಯವು ಬಂದ ದಿನವೇ ಬಲ್ಲವರ ಕೈಯಲ್ಲಿ ಕೊಟ್ಟು ಪ್ರತಿಯೊಂದು ಮೆಟ್ಟನ್ನೂ ನುಡಿಸಿ ನೋಡತಕ್ಕದ್ದು. ತಾನು ಹೋಗಲಾಗದಿದ್ದರೆ ಬಲ್ಲವರ ಕಿವಿಯನ್ನಾದರೂ ಕಳುಹಬೇಕು.

2024ರಲ್ಲಿ ಮಿರಜದ ಸಿತಾರ, ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಇದರಿಂದ ಹೆಸರಿಗೆ ರಕ್ಷಣೆ ಬಂದದ್ದು ಸಂತೋಷದ ವಿಷಯ. ಆದರೆ ಜವಾರಿಯನ್ನು ಕಾಯುವವರು ಎದುರಿಗೆ ಕುಳಿತು ‘ಇನ್ನೂ ಸ್ವಲ್ಪ ತಿಕ್ಕಿರಿ’ ಎನ್ನುವ ಗಿರಾಕಿಗಳೇ. ಕೇಳುವವರು ಬಾರದಾದರೆ ಅರ ಹಿಡಿದ ಕೈಗೆ ದಾರಿ ತೋರಿಸುವವರು ಯಾರು? ಕುಂದಗೋಳ, ಅಣ್ಣಿಗೇರಿಗಳಿಂದ ಮಿರಜದ ಹಾದಿಯು ಇಂದಿಗೂ ತೆರೆದಿದೆ. ಮನೆಯಲ್ಲಿ ಹಾಡುವ ಮಗುವೊಂದಿದ್ದರೆ, ಜೀವಮಾನದಲ್ಲಿ ಒಮ್ಮೆ ಕೊಳ್ಳುವ ತಂಬೂರಿಗಾಗಿ ಆ ಮಗುವನ್ನು ಕರೆದುಕೊಂಡು ಒಂದು ಸಲ ಹೋಗಿ ಬರುವದು ದುಂದಲ್ಲವೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ.